ಟರ್ಬೊ ಇದ್ರ ಎವರೇಜ್ ಜಾಸ್ತಿ ಅಂದವರಾರು?

ನಮ್ಮ ಕಡೆ ಹೊಸ ಗಾಡಿ ತಂದವರಿಗೆ ಮೊದಲ ಪ್ರಶ್ನೆ ‘ಎಷ್ಟಕ್ಕ ಬಿತ್ತು?’, ಎರಡನೇದು ‘ಎವರೇಜ್ ಎಷ್ಟು ಕೊಡ್ತೈತಿ?’ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಹೋದರೂ ಇದೇ. (ಬೆಂಗಳೂರಿನವರು ಅದನ್ನು ಮೈಲೇಜ್ ಅಂತಾರೆ.) ಹೋದ ದೀಪಾವಳಿಗೆ ನನ್ನ ಅಳಿಯ ಕಬ್ಬಿನ ಬಿಲ್ಲು ಬಂದ ಕೂಡಲೇ ಟರ್ಬೊ ಪೆಟ್ರೋಲ್ ಕಾರು ತಂದ. ಅದೇ ಗಾಡಿ ಟರ್ಬೊ ಇಲ್ಲದ್ದು ಒಂದು ಲಕ್ಷ ಕಡಿಮೆಗೆ ಸಿಗತಿತ್ತು. ಯಾಕಪ್ಪಾ ಅಂದೆ. ‘ಮಾಮಾ, ಟರ್ಬೊ ಐತಿ, ಎವರೇಜ್ ಜಾಸ್ತಿ ಬರ್ತೈತಿ. ಶೋರೂಮಿನವರ ಹೇಳ್ಯಾರ.’

ಶೋರೂಮಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅರ್ಧ ಸತ್ಯ. ಅದಕ್ಕೇ ನನಗೆ ಸಿಟ್ಟು.

ಟರ್ಬೊ ಮಾಡೋದಿಷ್ಟು: ಸೈಲೆನ್ಸರಿಗೆ ಹೋಗೋ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಇಂಜಿನ್ನಿಗೆ ಹೆಚ್ಚು ಗಾಳಿ ತುರುಕತೈತಿ. ಪೆಟ್ರೋಲ್ ಸರಿಯಾಗಿ ಉರೀಬೇಕಂದ್ರ ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಬೇಕು. ಹಾಗಿದ್ದರೆ ಉಳಿತಾಯ ಎಲ್ಲಿಂದ ಬಂತು? ಇಂಜಿನ್ ಸಣ್ಣದಾಗೋದರಿಂದ. ದೊಡ್ಡ ಇಂಜಿನ್ನು ಆರಾಮಾಗಿ ಹೋಗುವಾಗ ಥ್ರಾಟಲ್ ಅರ್ಧ ಮುಚ್ಚಿಕೊಂಡು, ಗಾಳಿ ಎಳೆಯೋದಕ್ಕೇ ಶಕ್ತಿ ಕಳಕೋತೈತಿ. ಸಣ್ಣದಕ್ಕೆ ಆ ತ್ರಾಸು ಕಡಿಮೆ, ತಿಕ್ಕಾಟವೂ ಕಡಿಮೆ. ಅಂದರೆ 1.6 ಲೀಟರ್ ಇಂಜಿನ್ ತೆಗೆದು ಅಷ್ಟೇ ಶಕ್ತಿಯ 1 ಲೀಟರ್ ಟರ್ಬೊ ಕೂಡಿಸಿದರೆ, ಹದವಾಗಿ ಓಡಿಸುವವನಿಗೆ ಲಾಭ ಐತಿ. ಇದನ್ನ ನಾನೂ ಒಪ್ತೀನಿ.

ಆದರೆ ನನ್ನ ಅಳಿಯ 1.6 ಬಿಟ್ಟು ಟರ್ಬೊ ತಗೊಳ್ಳಲಿಲ್ಲ; 1.2 ಬಿಟ್ಟು ತಗೊಂಡ. ಅಲ್ಲೇ ಲೆಕ್ಕ ತಪ್ಪಿತು. ಮಾರುತಿ ಫ್ರಾಂಕ್ಸ್ ನೋಡ್ರಿ (ಅಳಿಯನ ಗಾಡಿ ಅದಲ್ಲ). ಮ್ಯಾನುವಲ್ ಗೇರಿನಲ್ಲಿ ಸಾದಾ 1.2ಕ್ಕೆ ಕಂಪನಿಯೇ ಹೇಳೋದು 21.79, 1 ಲೀಟರ್ ಟರ್ಬೊಗೆ 21.5. ಟರ್ಬೊಗೆ ಹೈಬ್ರಿಡ್ಡಿನ ಸಣ್ಣ ಸಹಾಯ ಬೇರೆ ಐತಿ, ಆದರೂ ಇಷ್ಟು! ಅದೂ 90 ಕಿ.ಮೀ. ವೇಗ ದಾಟದ, ಲ್ಯಾಬಿನ ರೋಲರ್ ಮೇಲಿನ ಪರೀಕ್ಷೆಯಲ್ಲಿ. ಅಲ್ಲಿ ಟರ್ಬೊಗೆ ಕೆಲಸವೇ ಕಡಿಮೆ.

ನಮ್ಮ ರಸ್ತೆ ಹಾಗಿಲ್ಲ. ಸೀಸನ್ನಿನಾಗ ಎರಡು ಟ್ರೇಲರ್ ಕಬ್ಬು ಹೊತ್ತ ಟ್ರ್ಯಾಕ್ಟರಿನ ಹಿಂದೆ ತೆವಳಬೇಕು, ಜಾಗ ಸಿಕ್ಕ ಕೂಡಲೇ ಎಕ್ಸಿಲರೇಟರ್ ಒತ್ತಿ ಓವರ್‌ಟೇಕ್ ಮಾಡಬೇಕು, ಹತ್ತು ನಿಮಿಷಕ್ಕ ಮತ್ತೊಂದು ಟ್ರ್ಯಾಕ್ಟರ್. ಪ್ರತಿ ಸಲ ಒತ್ತಿದಾಗಲೂ ಟರ್ಬೊ ತುಂಬಿ ಬರತೈತಿ. ಜೋರು ಒತ್ತಿದರೆ ಪೆಟ್ರೋಲ್ ಹೊತ್ತಿಗಿಂತ ಮೊದಲೇ ಸಿಡಿಯೋ ಭಯ. ಅದಕ್ಕೇ ಟರ್ಬೊ ಇಂಜಿನ್ನಿನ ಕಂಪ್ರೆಶನ್ ಸಾಮಾನ್ಯವಾಗಿ ಕಡಿಮೆ ಇಟ್ಟಿರತಾರ, ಕೆಲವು ಇಂಜಿನ್ನಿನಾಗ ಬಿಸಿ ಇಳಿಸಾಕಂತ ಹೆಚ್ಚುವರಿ ಪೆಟ್ರೋಲನ್ನೂ ಸುರೀತಾರ. ಈ ತಲೆನೋವು ಹೊಸದಲ್ಲ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿಗೆ ಟರ್ಬೊ ಹಾಕಿದವರು ಸಿಡಿತ ತಡೀಲಿಕ್ಕೆ ನೀರು-ಮೆಥನಾಲಿನ ಬೇರೆ ಟಾಕಿಯನ್ನೇ ಇಟ್ಟಿದ್ದರು.

ಇಲ್ಲೊಂದು ತಮಾಷೆ. ಸಿಡಿತ ತಡೆಯೋ ಗುಣ ನಮ್ಮ ಕಬ್ಬಿನಿಂದ ಬರೋ ಎಥೆನಾಲಿಗೂ ಐತಿ. ಅದನ್ನೇ ನಂಬಿ ಕಂಪ್ರೆಶನ್ ಏರಿಸಿದ ಇಂಜಿನ್ ಕಟ್ಟಿದರೆ ಟರ್ಬೊ-ಎಥೆನಾಲ್ ಒಳ್ಳೇ ಜೋಡಿ. ಆದರೆ ಹಾಗೆ ಕಟ್ಟದ ಗಾಡಿಗೆ ಸಿಗೋದು ನಷ್ಟವೇ, ಯಾಕಂದ್ರ ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಶೇ. 20 ಬೆರೆಸಿದರೆ ಹಳೇ ಕಾರುಗಳ ಎವರೇಜ್ 6-7% ಇಳೀಬಹುದಂತ 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು. ಕಬ್ಬು ನಮ್ಮದು, ಎವರೇಜ್ ಕಳಕೊಳ್ಳೋರೂ ನಾವು.

ಹಾಗಾದ್ರ ಕಂಪನಿಗಳು ಸಣ್ಣ ಟರ್ಬೊ ಯಾಕ ಮಾಡ್ತಾವ? ನಾಲ್ಕು ಮೀಟರಿನೊಳಗಿನ, 1200 ಸಿಸಿ ದಾಟದ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ. 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ 18%. ಗೆರೆ ದಾಟಿದರೆ 40%. ಗೆರೆಯೊಳಗೇ ಇದ್ದು ಶಕ್ತಿ ಹೆಚ್ಚಿಸಬೇಕಂದ್ರ ಟರ್ಬೊನೇ ಹಾದಿ. ಮುಖ್ಯ ಕಾರಣ ಇದು. ಇದನ್ನ ಶೋರೂಮಿನಾಗ ಯಾರೂ ಹೇಳೂದಿಲ್ಲ.

ಟರ್ಬೊ ಬ್ಯಾಡ ಅಂತ ನಾನು ಹೇಳ್ತಿಲ್ಲ. ಐದು ಮಂದಿ ತುಂಬಿಕೊಂಡು ನಿಪ್ಪಾಣಿ ಹತ್ರ ತವಂದಿ ಘಾಟ್ ಹತ್ತಿ ನೋಡ್ರಿ, ಆಗ ಟರ್ಬೊದ ಕಿಮ್ಮತ್ತು ತಿಳೀತೈತಿ. ಆ ಸುಖಕ್ಕ ಲಕ್ಷ ಕೊಡ್ರಿ, ಖುಷಿಯಿಂದ ಕೊಡ್ರಿ. ಎವರೇಜಿಗೆ ಅಂತ ಕೊಡಬ್ಯಾಡ್ರಿ. ಅಳಿಯನ ಮಾತು ನಂಬಿ ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚು, 18ರ ಬದಲು 19, ಬಂತಂತಲೇ ಹಿಡಿಯೋಣ. ವರ್ಷಕ್ಕ 12,000 ಕಿ.ಮೀ. ಓಡಿಸಿದರ ಉಳಿಯೋದು 35 ಲೀಟರ್. ಲೀಟರಿಗೆ ನೂರು ರೂಪಾಯಿ ಅಂದರೂ 3,500. ಲಕ್ಷ ಹೊರಳಿ ಬರಾಕ 28 ವರ್ಷ! ಗಾಡಿ ಇರತೈತೇನು ಅಲ್ಲೀತನ?

ಈ ಲೆಕ್ಕ ಹೇಳಿದ್ದಕ್ಕ ಅಳಿಯ ಮುನಿಸಿಕೊಂಡಾನ. ‘ಡ್ಯಾಶ್‌ಬೋರ್ಡಿನಾಗ ಇಪ್ಪತ್ತು ತೋರಸ್ತೈತಿ ಮಾಮಾ’ ಅಂತಾನ. ಬರೋ ಐತವಾರ ಇಬ್ಬರೂ ಕೂಡಿ ಚಿಕ್ಕೋಡಿಯಾಗ ಟಾಕಿ ಫುಲ್ ಮಾಡಿಸಿ, ಅಥಣಿಗೆ ಹೋಗಿ, ಬಂದು ಅದೇ ಪಂಪಿನಾಗ ಮತ್ತ ಫುಲ್ ಮಾಡಿಸಿ ನೋಡೋರಿದ್ದೀವಿ. ಸೋತವರು ಪೆಟ್ರೋಲಿನ ರೊಕ್ಕ ಕೊಡಬೇಕು.