ನಂಜಮ್ಮನ ಲೆಕ್ಕದ ಪುಸ್ತಕ

ಕಾದಂಬರಿ ಹಿಡಿದ ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಅಜ್ಜಾ, ಇದರೊಳಗಿನ ಮಂದಿ ಖರೇನೂ ಇದ್ದರೇನು?"

ಕೆಲವರು ಇದ್ದರು ಮಕ್ಕಳೇ, ಆದರೆ ಇದ್ದಹಾಗೇ ಪುಸ್ತಕಕ್ಕೆ ಬರಲಿಲ್ಲ. ನಮ್ಮ ಜಿಲ್ಲೆಯ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯ ರಾಸಾಯನಿಕ ಕಂಪನಿಯಲ್ಲಿ ದುಡಿದವರು. ಅವರ 'ಶಿಕಾರಿ'ಯ ನಾಗಪ್ಪನೂ ಮುಂಬಯಿಯ ಅಂಥದೇ ಕಂಪನಿಯ ನೌಕರ. ನನಗೆ ಇನ್ನೂ ಹತ್ತಿರದ್ದು ಎಸ್.ಎಲ್. ಭೈರಪ್ಪನವರ 'ಗೃಹಭಂಗ', 1970ರ ಕಾದಂಬರಿ.

ಭೈರಪ್ಪನವರು ಹಾಸನ ಜಿಲ್ಲೆಯ ಸಂತೇಶಿವರದವರು. ನಮ್ಮ ತೇರಗಾಂವದಿಂದ ಬಹಳ ದೂರವಲ್ಲದ ಹುಬ್ಬಳ್ಳಿಯ ಕಾಲೇಜಿನಲ್ಲೂ ಕೆಲಕಾಲ ಪಾಠ ಹೇಳಿದರು. ಚಿಕ್ಕವರಿದ್ದಾಗಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡರು. ಇಲಿ ಸತ್ತು ಬಿದ್ದರೆ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಾಲ ಅದು. ಹಿರಿಯರು ತಮ್ಮ ತಂದೆತಾಯಿಗಳಿಂದ ಕೇಳಿರಬೇಕು.

ಕಾದಂಬರಿಯ ನಂಜಮ್ಮ ಆ ತಾಯಿಯ ನೆರಳಿನಿಂದ ಎದ್ದು ಬಂದವಳು. ಗಂಡ ಚೆನ್ನಿಗರಾಯ ಊರ ಶ್ಯಾನುಭೋಗ. ನಮ್ಮ ಕಡೆ ಕುಲಕರ್ಣಿ ಅನ್ನುತ್ತೇವಲ್ಲ, ಆ ಕೆಲಸ. ಆದರೆ ಅವನಿಗೆ ಊಟದ ಮೇಲಿದ್ದ ಆಸ್ಥೆ ಲೆಕ್ಕದ ಮೇಲೆ ಇಲ್ಲ. ಕಂದಾಯದ ಲೆಕ್ಕವನ್ನೆಲ್ಲ ಬರೆಯುವವಳು ನಂಜಮ್ಮ, ಹೆಸರು ಮಾತ್ರ ಗಂಡನದು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಬೆರಳು ಸವೆಸಿದ ನನಗೆ ಆ ಪುಟಗಳು ಸುಮ್ಮನೆ ದಾಟಲಿಲ್ಲ. ಲೆಕ್ಕ ಮುಗಿದರೆ ಮುತ್ತುಗದ ಎಲೆ ಹಚ್ಚುವ ಕೆಲಸ. ಕಾಗದದ ತಟ್ಟೆಯ ಮಕ್ಕಳಿಗೆ ಹೇಳಬೇಕು: ನಮ್ಮ ಹಳಿಯಾಳದ ಕಾಡಿನಲ್ಲೂ ಇರುವ ಮುತ್ತಲ ಮರದ ಎಲೆಗಳನ್ನು ಕಡ್ಡಿಯಿಂದ ಹೆಣೆದು ಮಾಡುವ ಪತ್ರಾವಳಿ ಅದು.

ಪ್ಲೇಗು ಅವಳ ಮಗಳನ್ನೂ ಹಿರಿಮಗನನ್ನೂ ಒಯ್ಯುತ್ತದೆ, ಆಮೇಲೆ ಅವಳನ್ನೂ. ಉಳಿಯುವವನು ಚಿಕ್ಕ ಹುಡುಗ ವಿಶ್ವ. ಅವನಲ್ಲಿ ಲೇಖಕರ ಬಾಲ್ಯವಿದೆ. ಭೈರಪ್ಪನವರ ದೊಡ್ಡತನ ನನಗೆ ಕಾಣುವುದು ಇಲ್ಲಿ. ವಿಶ್ವನನ್ನು ನಡುವೆ ಕೂರಿಸಿ ತಮ್ಮ ಕಷ್ಟವನ್ನೇ ಹೇಳಿಕೊಳ್ಳಬಹುದಿತ್ತು. ನಾವೂ ಅಯ್ಯೋ ಪಾಪ ಅನ್ನುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಹುಡುಗನನ್ನು ಮೂಲೆಯಲ್ಲಿಟ್ಟು ಅಮ್ಮನ ದುಡಿಮೆಯನ್ನು ಎಲೆ ಎಲೆಯಾಗಿ ಎಣಿಸಿದರು. ಹಸಿದ ಹುಡುಗನಿಗೆ ಅಂದು ಅಮ್ಮ ಬಡಿಸಿದ್ದಷ್ಟೇ ಕಂಡಿರುತ್ತದೆ. ಅದರ ಹಿಂದೆ ಎಷ್ಟು ಎಲೆ, ಎಷ್ಟು ಪುಟ ಲೆಕ್ಕ ಇದ್ದವೆಂದು ಕೂಡಿಸಿ ನೋಡಲು ಅವನು ದೊಡ್ಡವನಾಗಬೇಕಾಯಿತು.

ಅದಕ್ಕೇ ಅಲ್ಲಿ ಊರಿಗೆ ರಾಮಸಂದ್ರ ಎಂಬ ಬೇರೆ ಹೆಸರು, ತಾಯಿಗೂ ಬೇರೆ ಹೆಸರು. ಮಗನ ದುಃಖ ಸ್ವಲ್ಪ ದೂರ ನಿಂತರೆ ತಾನೇ ಅಮ್ಮ ಪೂರ್ತಿ ಕಾಣುವುದು?

26 ವರ್ಷ ಕಳೆದ ಮೇಲೆ, 1996ರಲ್ಲಿ, ಅವರ ಆತ್ಮಕಥೆ 'ಭಿತ್ತಿ' ಬಂತು. ಅದರಲ್ಲಿ ಆ ತಾಯಿ ತಮ್ಮ ಸ್ವಂತ ಹೆಸರಿನಲ್ಲೇ ಇದ್ದಾರೆ: ಗೌರಮ್ಮ.