ಯುದ್ಧವಿಮಾನದ ಪೂರ್ತಿ ಲೆಕ್ಕ ಕೇಳೋಣ

ಹೈದರಾಬಾದಿನ ಕನ್ನಡ ಬಂಧುಗಳೇ,

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ವಿದಾಯ ಹೇಳಿದ ಮೇಲೆ ನಮ್ಮ ವಾಯುಪಡೆಯಲ್ಲಿ ಉಳಿದದ್ದು 29 ಯುದ್ಧ ಸ್ಕ್ವಾಡ್ರನ್‌ಗಳು. ಮಂಜೂರಾಗಿರುವುದು 42. ಈ ಕೊರತೆ ತುಂಬಲೇಬೇಕು. ಆದರೆ ಯಾವ ವಿಮಾನ ಕೈಗೆಟಕುತ್ತದೆ ಎಂಬ ಚರ್ಚೆ ಖರೀದಿ ಬೆಲೆಯ ಹತ್ತಿರವೇ ನಿಂತುಬಿಡುತ್ತದೆ. 2016ರಲ್ಲಿ 36 ರಫೇಲ್‌ಗಳಿಗೆ ಸುಮಾರು 59,000 ಕೋಟಿ ರೂಪಾಯಿಯ ಒಪ್ಪಂದವಾಯಿತು. 2025ರ ಸೆಪ್ಟೆಂಬರಿನಲ್ಲಿ 97 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ತೆರಿಗೆ ಬಿಟ್ಟು 62,370 ಕೋಟಿ. ಇಷ್ಟನ್ನೇ ನೋಡಿ ತೀರ್ಪು ಕೊಡುವುದು ತಪ್ಪು. ರಫೇಲ್ ಎರಡು ಎಂಜಿನ್ನಿನ ದೊಡ್ಡ ವಿಮಾನ, ಆ ಮೊತ್ತದಲ್ಲಿ ಶಸ್ತ್ರಾಸ್ತ್ರಗಳೂ ಸೇರಿದ್ದವು. ತೇಜಸ್ ಒಂದೇ ಎಂಜಿನ್ನಿನ ಸ್ವದೇಶಿ ಹಗುರ ವಿಮಾನ. ಮೂರು ದಶಕಗಳ ಕಾಲ ಇಂಧನ, ಬಿಡಿಭಾಗ, ಎಂಜಿನ್ ದುರಸ್ತಿ, ಹೊಸ ಕ್ಷಿಪಣಿಗಳ ಜೋಡಣೆಗೆ ಎಷ್ಟು ಖರ್ಚಾಗುತ್ತದೆ, ಆ ಕೆಲಸ ಯಾರ ಕೈಯಲ್ಲಿರುತ್ತದೆ ಎಂಬುದರ ಮೇಲೆ ನಿಜವಾದ ಬೆಲೆ ನಿಂತಿದೆ.

ಇದಕ್ಕೆ ಬೆಂಗಳೂರಿನ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ನ ಇತಿಹಾಸವೇ ಸಾಕ್ಷಿ. ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡ ಅದರ ಮಾರುತ ಯುದ್ಧವಿಮಾನ 1961ರಲ್ಲೇ ಹಾರಿತು. ವಿನ್ಯಾಸಕ್ಕೆ ತಕ್ಕ ಶಕ್ತಿಯ ಎಂಜಿನ್ ಸಿಗದೆ ಅದು ಅಂದುಕೊಂಡ ವೇಗ ಮುಟ್ಟಲಿಲ್ಲ. ಇತ್ತ ತೇಜಸ್ ಮಾರ್ಕ್-1ಎಗಾಗಿ 2021ರಲ್ಲಿ 99 ಅಮೆರಿಕನ್ ಎಂಜಿನ್‌ಗಳಿಗೆ ಬೇಡಿಕೆ ಸಲ್ಲಿಸಲಾಯಿತು. ಮೊದಲನೆಯದು ಬಂದದ್ದು 2025ರ ಮಾರ್ಚಿನಲ್ಲಿ. ಅರವತ್ತು ವರ್ಷ ಕಳೆದರೂ ಎಂಜಿನ್ನಿನ ಕಗ್ಗಂಟು ಅದೇ. ಉಳಿದ ಕಡೆ ನಾವು ಎಷ್ಟು ಮುಂದೆ ಬಂದಿದ್ದೇವೆ ಎಂಬುದಕ್ಕೆ ನಮ್ಮ ಈ ಹೈದರಾಬಾದನ್ನೇ ನೋಡಿ. ತೇಜಸ್‌ನ ನಡುಭಾಗ ಇಲ್ಲಿನ ವೆಮ್ ಟೆಕ್ನಾಲಜೀಸ್‌ನಲ್ಲಿ ತಯಾರಾಗುತ್ತಿದೆ, ಅಸ್ತ್ರ ಕ್ಷಿಪಣಿ ಭಾರತ್ ಡೈನಾಮಿಕ್ಸ್‌ನಲ್ಲಿ. ರಫೇಲ್‌ನ ಒಡಲನ್ನೂ ಇಲ್ಲೇ ಕಟ್ಟಲು 2025ರಲ್ಲಿ ಟಾಟಾ ಮತ್ತು ರಫೇಲ್ ತಯಾರಕ ಡಾಸೋ ನಡುವೆ ಒಪ್ಪಂದವಾಗಿದೆ.

ತೇಜಸ್ ತಡವಾಯಿತಲ್ಲ ಎನ್ನುವವರ ಮಾತು ನ್ಯಾಯವಾದದ್ದೇ. 2001ರಲ್ಲಿ ಮೊದಲು ಹಾರಿದ ವಿಮಾನಕ್ಕೆ ಸ್ಕ್ವಾಡ್ರನ್ ಸಿಕ್ಕಿದ್ದು 2016ರಲ್ಲಿ. 2025ರ ನವೆಂಬರಿನಲ್ಲಿ ದುಬೈಯಲ್ಲಿ ತೇಜಸ್ ಪತನವಾಗಿ ಪೈಲಟ್ ಪ್ರಾಣ ಕಳೆದುಕೊಂಡರು. ಸ್ವದೇಶಿ ಎಂಬ ಅಭಿಮಾನ ಇವಕ್ಕೆ ಉತ್ತರವಾಗಲಾರದು. ತುರ್ತಿಗೆ ಹೊರಗಿನಿಂದ ಕೊಳ್ಳಬೇಕಾದರೆ ಕೊಳ್ಳೋಣ. ಆದರೆ ನಮ್ಮ ಕ್ಷಿಪಣಿಯನ್ನು ಜೋಡಿಸುವ, ಇಲ್ಲೇ ದುರಸ್ತಿ ಮಾಡುವ ಹಕ್ಕು ಕರಾರಿನಲ್ಲೇ ಇರಲಿ. ಇಲ್ಲದಿದ್ದರೆ ಇಂದಿನ ಅವಸರ ನಾಳೆಯ ಪರಾಧೀನತೆಯಾಗುತ್ತದೆ. ಬೆಲೆ, ಖರ್ಚಿನ ವಿವರಗಳೆಲ್ಲ ರಕ್ಷಣಾ ಗುಟ್ಟು ಎನ್ನುವವರೂ ಇದ್ದಾರೆ. ಸರ್ಕಾರಿ ಲೆಕ್ಕ ಪರಿಶೋಧಕ ಸಂಸ್ಥೆ ಸಿಎಜಿಯ 2019ರ ವರದಿಯಲ್ಲಿ ರಫೇಲ್ ಬೆಲೆಗಳನ್ನು ಮರೆಮಾಚಲಾಗಿತ್ತು. ರೇಡಾರಿನ ಸಾಮರ್ಥ್ಯ ಗುಟ್ಟಾಗಿರಲಿ. ಒಟ್ಟು ಖರ್ಚು ಮತ್ತು ಪೂರೈಕೆಯ ಗಡುವು ತೆರಿಗೆದಾರರಿಗೆ ತಿಳಿದರೆ ಶತ್ರುವಿಗೆ ಲಾಭವಿಲ್ಲ.

ಆದ್ದರಿಂದ ನಿಮ್ಮಲ್ಲಿ ಕಳಕಳಿಯ ವಿನಂತಿ. ಹೈದರಾಬಾದಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಕಲಬುರಗಿಯಲ್ಲಿರಲಿ, ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ಪ್ರತಿ ಖರೀದಿಗೂ ಮುನ್ನ ಅದರ ಜೀವಿತಾವಧಿಯ ವೆಚ್ಚದ ಅಂದಾಜು, ಪ್ರತಿ ಅಧಿವೇಶನದಲ್ಲೂ ಪೂರೈಕೆಯ ವರದಿ, ದೇಶೀ ಎಂಜಿನ್ನಿಗೆ ಬೇರೆಡೆ ತಿರುಗಿಸಲಾಗದ ಮೀಸಲು ಹಣ: ಈ ಮೂರನ್ನು ಕೇಳಿ. ಆ ವಿಮಾನವೇರುವ ಯುವಕ ಯುವತಿಯರ ಜೀವ ನಮ್ಮ ಆಯ್ಕೆಗೆ ಒತ್ತೆಯಾಗಿದೆ. ಲೆಕ್ಕ ಕೇಳುವುದು ಅವರಿಗಾಗಿ ನಾವು ಮಾಡಬೇಕಾದ ಕನಿಷ್ಠ ಕರ್ತವ್ಯ.