ಇನ್ನೊಂದು ವರ್ಷ ಕೂರುವ ಮುನ್ನ

ನೀಟ್ ಫಲಿತಾಂಶ ಬಂದ ವಾರ ನಮ್ಮ ರಾಜೇಶ್ವರದ ಬಸ್ ನಿಲ್ದಾಣದಲ್ಲಿ ನಿಲ್ಲುವುದೇ ಕಷ್ಟ. ಹುಮನಾಬಾದ್ ಬಸ್ಸು ಬರುವಷ್ಟರಲ್ಲಿ ನಾಲ್ಕು ಜನ ಕೇಳಿರುತ್ತಾರೆ, ‘ಎಷ್ಟು ಬಂತವ್ವಾ?’ ಅಂಕ ಹೇಳಿದರೆ ಮರುಮಾತು ಸಿದ್ಧ. ‘ಇರ್ಲಿ ಬಿಡು, ಇನ್ನೊಂದ್ ವರ್ಷ ಕೂಡು, ಬಂದೇ ಬರ್ತದ.’ ಹೇಳುವವರ ಪ್ರೀತಿ ಸುಳ್ಳಲ್ಲ. ಆದರೆ ಆ ಒಂದು ವರ್ಷ ಯಾರದು, ದುಡ್ಡು ಯಾರದು ಎಂದು ಯಾರೂ ಕೇಳುವುದಿಲ್ಲ.

ಎರಡು ಸಲ ನೀಟ್ ಬರೆದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಮತ್ತೆ ಬರೆಯುವುದು ತಪ್ಪಲ್ಲ. ಲೆಕ್ಕ ಹಾಕದೆ, ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ನಿಶ್ಚಯಿಸದೆ ಬರೆಯುವುದು ತಪ್ಪು.

ಮೊದಲ ಸಲ ನನ್ನ ಫಲಿತಾಂಶ ಬಂದಾಗ ಕಾಕಾ ಓಣಿಗೆಲ್ಲ ಪೇಡಾ ಹಂಚಿದ್ದರು, ‘ನಮ್ಮ ಹುಡುಗಿ ನೀಟ್ ಪಾಸ್’ ಎಂದು. ಪಾಸಾಗಿದ್ದೆ ನಿಜ. ಆದರೆ ನೀಟ್‌ನಲ್ಲಿ ಅರ್ಹತೆ ಬೇರೆ, ಸೀಟು ಬೇರೆ. 2025ರಲ್ಲಿ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು, ಅರ್ಹತೆ ಪಡೆದವರು 12.36 ಲಕ್ಷ. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಸುಮಾರು 1.2 ಲಕ್ಷ. ಸಾಮಾನ್ಯ ವರ್ಗಕ್ಕೆ 720ಕ್ಕೆ 144 ಬಂದರೂ ಆ ವರ್ಷ ಅರ್ಹತೆ ಸಿಕ್ಕಿತು. ಅಷ್ಟು ಅಂಕಕ್ಕೆ ಸರ್ಕಾರಿ ಸೀಟು ಕನಸಿನಲ್ಲೂ ಸಿಗದು. ಪೇಡಾ ಹಂಚುವ ಮೊದಲು ಮನೆಯವರಿಗೆ ನಾವೇ ಇದನ್ನು ಬಿಡಿಸಿ ಹೇಳಬೇಕಿತ್ತು.

ಇನ್ನೊಂದು ಮಾತು. ನೋಡಬೇಕಾದದ್ದು ಅಂಕವನ್ನಲ್ಲ, ರ‍್ಯಾಂಕನ್ನು. 2024ರಲ್ಲಿ 720ಕ್ಕೆ 720 ಪಡೆದವರೇ ಹಲವರಿದ್ದರು. 2025ರಲ್ಲಿ ದೇಶಕ್ಕೆ ಮೊದಲು ಬಂದವರ ಅಂಕ 686. ಪ್ರಶ್ನೆಪತ್ರಿಕೆ ಕಠಿಣವಾದರೆ ಎಲ್ಲರ ಅಂಕವೂ ಇಳಿಯುತ್ತದೆ. ‘ಹೋದ ವರ್ಷಕ್ಕಿಂತ ಕಮ್ಮಿ ಬಂತು’ ಎಂದು ಅಳುವವರೂ, ‘ಇನ್ನು ಐವತ್ತು ಬಂದ್ರ ಸಾಕು’ ಎಂದು ನಂಬುವವರೂ ಮೊದಲು ತಮ್ಮ ರ‍್ಯಾಂಕಿಗೂ, ತಮ್ಮ ವರ್ಗದಲ್ಲಿ ಸೀಟು ಸಿಕ್ಕ ಕೊನೆಯ ರ‍್ಯಾಂಕಿಗೂ ಎಷ್ಟು ಅಂತರವಿದೆ ಎಂದು ನೋಡಲಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ವರ್ಷ, ಪ್ರತಿ ಸುತ್ತಿನ ಕಟ್ ಆಫ್ ಪ್ರಕಟಿಸುತ್ತದೆ.

ಹೀಗೆ ನೋಡುವಾಗ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. 371ಜೆ ಅಡಿಯಲ್ಲಿ ಬೀದರ್, ಕಲಬುರಗಿ, ರಾಯಚೂರಿನಂಥ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳ ಶೇ 70 ಸ್ಥಳೀಯರಿಗೆ. ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಮೀಸಲಾತಿಗಳೂ ಇವೆ. ಆದರೆ ಅರ್ಜಿಯಲ್ಲಿ ಕೇಳಿದವರಿಗೆ, ಪ್ರಮಾಣಪತ್ರ ಇದ್ದವರಿಗೆ ಮಾತ್ರ ಸಿಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಟೆಸ್ಟ್ ಸಿರೀಸ್ ಕೊಳ್ಳುವ ನಾವು ಈ ಕಾಗದಗಳಿಗೆ ಮಾತ್ರ ಕೊನೆಯ ವಾರ ಬಸವಕಲ್ಯಾಣಕ್ಕೆ ಓಡುತ್ತೇವೆ.

ಈಗ ನನ್ನದೇ ತಪ್ಪು ಹೇಳುತ್ತೇನೆ. ಮೊದಲ ವರ್ಷ ಸಿಇಟಿಯಲ್ಲಿ ನನಗೆ ಒಳ್ಳೆಯ ರ‍್ಯಾಂಕೇ ಬಂದಿತ್ತು. ಪಶುವೈದ್ಯಕೀಯ, ಕೃಷಿ, ಬಿ.ಎಸ್ಸಿ ನರ್ಸಿಂಗ್, ಬಿ.ಫಾರ್ಮಾ ಎಲ್ಲ ಆ ದಾರಿಯಲ್ಲೇ ಸಿಗುತ್ತವೆ. ‘ಆದರೆ ಡಾಕ್ಟರೇ ಆಗೋದು’ ಎಂಬ ಹಟದಲ್ಲಿ ಆಪ್ಷನ್ ಎಂಟ್ರಿಯನ್ನೇ ಮಾಡಲಿಲ್ಲ. ಯಾವ ಸೀಟು ಸಿಗುತ್ತಿತ್ತು ಎಂದು ನೋಡುವ ಕುತೂಹಲವೂ ಇರಲಿಲ್ಲ. ಅಪ್ಪ ಸೋಯಾ ಮಾರಿದ ದುಡ್ಡಿನಲ್ಲಿ ಲಾಂಗ್ ಟರ್ಮ್ ಕೋಚಿಂಗಿಗೆ ಸೇರಿಸಿದರು. ಅಲ್ಲಿ ನಾನು ಮಾಡಿದ್ದೇನು? ಬರುತ್ತಿದ್ದ ಜೀವಶಾಸ್ತ್ರವನ್ನೇ ಮತ್ತೆ ಮತ್ತೆ ಓದಿದೆ, ಬಾರದ ಭೌತಶಾಸ್ತ್ರದಿಂದ ತಪ್ಪಿಸಿಕೊಂಡೆ. ಕೋಚಿಂಗ್ ಬದಲಾಯಿತು, ಓದುವ ರೀತಿ ಬದಲಾಗಲಿಲ್ಲ. ರ‍್ಯಾಂಕ್ ಸುಧಾರಿಸಿತು, ಸೀಟಿನ ಹತ್ತಿರಕ್ಕೆ ಬರಲಿಲ್ಲ.

ನೀಟ್‌ಗೆ ಇಷ್ಟೇ ಸಲ ಬರೆಯಬೇಕೆಂಬ ಮಿತಿ ಇಲ್ಲ. ಗರಿಷ್ಠ ವಯೋಮಿತಿಯನ್ನೂ 2022ರಲ್ಲಿ ತೆಗೆದುಹಾಕಿದ್ದಾರೆ. ಅದು ಒಳ್ಳೆಯದೇ. ಆದರೆ ಸರ್ಕಾರ ಗೆರೆ ಹಾಕದಿದ್ದರೆ ಮನೆಯಲ್ಲಿ ನಾವೇ ಹಾಕಿಕೊಳ್ಳಬೇಕು. ಎಂಬಿಬಿಎಸ್ ಎಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಆಮೇಲೆ ಪಿಜಿ ಮೂರು ವರ್ಷ. ಹೆಣ್ಣುಮಕ್ಕಳಿಗಂತೂ ಮನೆಯಲ್ಲಿ ಕುಳಿತ ಪ್ರತಿ ವರ್ಷಕ್ಕೂ ಬೆಲೆ ಇದೆ. ಎರಡನೇ ಸಲ ಸೀಟು ಸಿಗದಿದ್ದರೆ ‘ಎಷ್ಟು ದಿನ ಓದಸ್ತೀರಿ?’ ಎಂಬ ಮಾತಿನ ಜತೆಗೇ ಸಂಬಂಧಗಳು ಬರಲು ಶುರುವಾಗುತ್ತವೆ. ಯಾವುದೋ ಒಂದು ಪದವಿಗೆ ಸೇರಿದ ಹುಡುಗಿಯನ್ನು ಯಾರೂ ಹಾಗೆ ಕೇಳುವುದಿಲ್ಲ.

ವಿದೇಶಕ್ಕೆ ಕಳಿಸಿ ಎನ್ನುವ ಏಜೆಂಟರೂ ಇದೇ ಹೊತ್ತಿಗೆ ಮನೆ ಬಾಗಿಲಿಗೆ ಬರುತ್ತಾರೆ. ಅಲ್ಲಿ ಓದಲೂ ನೀಟ್ ಅರ್ಹತೆ ಬೇಕು, ಓದಿ ಬಂದ ಮೇಲೆ ಇಲ್ಲಿ ಮತ್ತೊಂದು ಪರೀಕ್ಷೆ ಪಾಸಾಗಬೇಕು, ಇಲ್ಲಿಯೂ ಇಂಟರ್ನ್‌ಶಿಪ್ ಮಾಡಬೇಕು ಎಂಬುದನ್ನು ಹೊಲ ಮಾರುವ ಮೊದಲು ಅಪ್ಪಂದಿರು ತಿಳಿದುಕೊಳ್ಳಲಿ.

ಹಾಗಾದರೆ ಯಾರು ಮತ್ತೆ ಬರೆಯಬೇಕು? ನನ್ನ ಗೆಳತಿಯೊಬ್ಬಳು ಬರೆಯುತ್ತಿದ್ದಾಳೆ. ಅವಳಿಗೆ ಕೆಲವೇ ರ‍್ಯಾಂಕ್‌ಗಳಲ್ಲಿ ಸರ್ಕಾರಿ ಸೀಟು ತಪ್ಪಿತು. ಪರೀಕ್ಷೆಗೆ ತಿಂಗಳ ಮೊದಲು ಟೈಫಾಯ್ಡ್ ಬಂದಿತ್ತು. ಎಲ್ಲಿ ಸೋತೆ, ಏನು ಬದಲಾಯಿಸಬೇಕು ಎಂಬುದು ಅವಳಿಗೆ ಸ್ಪಷ್ಟವಿದೆ. ಅವಳಿಗೆ ಇನ್ನೊಂದು ವರ್ಷ ಬೇಕು. ನನ್ನ ಲೆಕ್ಕ ಬೇರೆ ಬಂತು.

ಮುತ್ಯಾನನ್ನು ಬೀದರ್ ಆಸ್ಪತ್ರೆಗೆ ಸೇರಿಸಿದಾಗ ಹತ್ತು ದಿನ ನಾನೇ ಜತೆಗಿದ್ದೆ. ಡಾಕ್ಟರು ದಿನಕ್ಕೆರಡು ಸಲ ಬಂದು ಹೋಗುತ್ತಿದ್ದರು. ರಾತ್ರಿ ಎರಡಕ್ಕೆ ಮುತ್ಯಾನ ಉಸಿರಾಟ ನೋಡಿ ಓಡಿ ಬಂದವರು ನರ್ಸ್. ನನಗೆ ಬೇಕಿರುವುದು ಆ ಕೆಲಸವೋ, ಹೆಸರಿನ ಮುಂದಿನ ‘ಡಾ.’ ಅಕ್ಷರವೋ ಎಂದು ಆಗ ಮೊದಲ ಸಲ ಕೇಳಿಕೊಂಡೆ. ನೀಟ್‌ಗೆ ಅರ್ಜಿ ಹಾಕುವ ಮುನ್ನ ಪ್ರತಿಯೊಬ್ಬರೂ ಒಂದೆರಡು ದಿನ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನೋಡಬೇಕು.

ಕೊನೆಗೆ ಅಪ್ಪನೊಂದಿಗೆ ಕುಳಿತು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದೆ. ಎರಡು ವರ್ಷದ ಖರ್ಚು, ರ‍್ಯಾಂಕಿನ ಅಂತರ, ತಮ್ಮನ ಪಿಯುಸಿ. ‘ಮೂರನೇ ಸಲ ಬರೆಯಲ್ಲಪ್ಪ’ ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಿನಗ ಸರಿ ಅನಿಸಿದ್ದು ಮಾಡು’ ಎಂದರು. ಅವರ ದನಿಯಲ್ಲಿದ್ದ ನೋವು ನನಗೆ ಗೊತ್ತಾಯಿತು. ಈ ಸಲ ಆಪ್ಷನ್ ಎಂಟ್ರಿಯಲ್ಲಿ ಮೊದಲು ನಮ್ಮ ಬೀದರ್‌ನ ಪಶುವೈದ್ಯಕೀಯ ಕಾಲೇಜು, ನಂತರ ನರ್ಸಿಂಗ್ ಹಾಕುತ್ತೇನೆ. ಯಾವುದು ಸಿಕ್ಕರೂ ಸೇರುತ್ತೇನೆ.

ಅನುಭವ ಮಂಟಪದ ನೆಲದವರು ನಾವು. ಪ್ರಶ್ನೆ ಕೇಳುವುದು ಇಲ್ಲಿ ಹೊಸದಲ್ಲ. ಹಿರಿಯರಲ್ಲಿ ವಿನಂತಿ ಒಂದೇ. ಮುಂದಿನ ಸಲ ಬಸ್ ನಿಲ್ದಾಣದಲ್ಲಿ ಯಾರಾದರೂ ಸಿಕ್ಕರೆ ‘ಎಷ್ಟು ಬಂತು?’ ಎನ್ನುವ ಬದಲು ‘ಮುಂದ ಏನ್ ಮಾಡಬೇಕಂತಿ?’ ಎಂದು ಕೇಳಿ. ಉತ್ತರ ಹೇಳುವಷ್ಟು ಹೊತ್ತು ನಿಂತು ಕೇಳಿಸಿಕೊಳ್ಳಿ.